ಟಿಕೆಟಿನ ಇಂಗ್ಲಿಷ್ ಕಿರುರೂಪಗಳನ್ನು ಬಳಸುವುದು ಹೇಗೆ?

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಆಸುಪಾಸಿನಲ್ಲಿ ಟಿಕೆಟ್ ಇಟ್ಟು ನಡೆಸುವ ಯಕ್ಷಗಾನ, ಸಂಗೀತ ಕಾರ್ಯಕ್ರಮಗಳಿಗೆ ಕನ್ನಡ, ಮಲಯಾಳಗಳ ಜೊತೆಗೆ ಇಂಗ್ಲಿಷಿನಲ್ಲೂ ಪ್ರಚಾರ ಸಂದೇಶ ಬೇಕಾಗುತ್ತದೆ. ಅದನ್ನು ಬರೆಯುವವರು 'ಟಿಕೆಟ್ಸ್' ಎಂಬುದನ್ನು ಮೊಟಕುಗೊಳಿಸಿದ 'ಟಿಕ್ಸ್' (tix) ಎಂಬ ಪದದಲ್ಲಿ ಎಡವುವುದನ್ನು ಮತ್ತೆ ಮತ್ತೆ ಕಂಡಿರುವುದರಿಂದ ಈ ಬರಹ.

ಮೊದಲು, ಓದುವವರು ಯಾರೆಂದು ನಿಶ್ಚಯಿಸಿಕೊಳ್ಳಿ. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಕಿರುರೂಪ ಒಪ್ಪುತ್ತದೆ. ಆಮಂತ್ರಣ ಪತ್ರಿಕೆ, ರಶೀದಿ, ಪಂಚಾಯತಿನ ಅರ್ಜಿಗಳಲ್ಲಿ ಪೂರ್ಣರೂಪವೇ ಇರಬೇಕು.

ಎರಡನೆಯ ಹಂತ ವಚನದ್ದು; ತಪ್ಪುಗಳೆಲ್ಲ ಹೆಚ್ಚಾಗಿ ಇಲ್ಲಿಯೇ. 'ಟಿಕ್ಸ್' ಎಂಬುದು 'ಟಿಕೆಟ್ಸ್' ಎಂಬ ಬಹುವಚನದ ಕಿರುರೂಪ. ಕೊನೆಯ ಎಕ್ಸ್ ಅಕ್ಷರದ ಉಚ್ಚಾರದಲ್ಲಿಯೇ ಬಹುವಚನದ ಎಸ್ ಧ್ವನಿಯೂ ಅಡಗಿದೆ. ಆದ್ದರಿಂದ 'ಟೂ ಟಿಕ್ಸ್' ಸರಿ, 'ಒನ್ ಟಿಕ್ಸ್' ತಪ್ಪು, 'ಟಿಕ್ಸಸ್' ಇನ್ನೂ ತಪ್ಪು. 'ಎರಡು ಟಿಕೆಟ್ ಕೊಡಿ' ಎಂದು ಏಕವಚನದಲ್ಲೇ ಕೇಳುವ, 'ಒಂದು ಚಿಪ್ಸ್' ಎಂದು ಬಹುವಚನವನ್ನೇ ಒಂದಾಗಿ ಎಣಿಸುವ ನಮ್ಮ ರೂಢಿಯಿಂದಾಗಿ ಈ ವ್ಯತ್ಯಾಸ ಕಿವಿಗೆ ತಟ್ಟುವುದಿಲ್ಲ. ಪರೀಕ್ಷೆ ಸುಲಭ: ಅದೇ ಜಾಗದಲ್ಲಿ 'ಟಿಕೆಟ್ಸ್' ಎಂದು ಇಟ್ಟು ಓದಿ, ವಾಕ್ಯ ನಿಂತರೆ 'ಟಿಕ್ಸ್' ಕೂಡ ನಿಲ್ಲುತ್ತದೆ. 'ಟಿಕೆಟ್ ಕೌಂಟರ್' ಎಂಬುದನ್ನು 'ಟಿಕ್ಸ್ ಕೌಂಟರ್' ಮಾಡಬಾರದೆಂಬುದೂ ಇದರಿಂದಲೇ ತಿಳಿಯುತ್ತದೆ. ಪದ ಒಗ್ಗುವುದು ಆಟ, ನಾಟಕ, ಸಂಗೀತಗಳ ಟಿಕೆಟಿಗೆ. ಇಂಗ್ಲಿಷಿನಲ್ಲಿ 'ಟಿಕೆಟ್' ಎಂದೇ ಕರೆಯುವ ಪೊಲೀಸರ ದಂಡದ ಚೀಟಿಗೆ ಬೇಡ.

ಮೊಬೈಲಿನ ಪೋಸ್ಟರ್ ಆ್ಯಪ್‌ಗಳಲ್ಲಿ ಸಿಗುವ ಸಿದ್ಧ ಮಾದರಿಗಳನ್ನು ನಂಬಬೇಡಿ. ಅವುಗಳಲ್ಲಿರುವ 'ಗೆಟ್ ಯುವರ್ ಟಿಕ್ಸ್' ಎಂಬ ಸಾಲನ್ನು ಹಾಗೆಯೇ ಉಳಿಸಿ, ಕೆಳಗೆ ದರ, ಜಾಗ, ಹೊತ್ತು ಯಾವುದನ್ನೂ ಬರೆಯದ ಪೋಸ್ಟರಿನಿಂದ ಯಾರಿಗೂ ಪ್ರಯೋಜನವಿಲ್ಲ.

ಉಚಿತ ಟಿಕೆಟಿಗೆ ಇಂಗ್ಲಿಷಿನವರು 'ಕಾಂಪ್' ಎನ್ನುತ್ತಾರೆ. ಅದು 'ಕಾಂಪ್ಲಿಮೆಂಟರಿ'ಯ ಮೊಟಕು. ಇದಕ್ಕೆ ಏಕವಚನವೂ ಉಂಟು: ಒಂದಾದರೆ 'ಕಾಂಪ್', ಹೆಚ್ಚಾದರೆ 'ಕಾಂಪ್ಸ್'. ಆದರೆ ಬ್ರಿಟನ್ನಿನಲ್ಲಿ ಸ್ಪರ್ಧೆಗೂ ಇದೇ ಮೊಟಕು ಇರುವುದರಿಂದ, ದಾನಿಗಳಿಗೆ ಕಳುಹಿಸುವಾಗ ಎಲ್ಲರೂ ಬಲ್ಲ 'ಪಾಸ್' ಎಂದೇ ಬರೆಯಿರಿ. ವೆನಿಸ್ಸಿನ ಹಳೆಯ ಚಿನ್ನದ ನಾಣ್ಯದ ಹೆಸರಾದ 'ಡಕಟ್' ಅಮೆರಿಕದ ಆಡುಮಾತಿನಲ್ಲಿ ಟಿಕೆಟಿಗೆ ಬಳಕೆಯಾದದ್ದುಂಟು; ನಮಗದು ಬೇಡ.

ಕೊನೆಗೆ, ಮಾರಾಟ ನಡೆದಂತೆ ಸಂದೇಶವನ್ನೂ ತಿದ್ದಿ. ನಾಲ್ಕು ಉಳಿದಿದ್ದಾಗ 'ಫೋರ್ ಟಿಕ್ಸ್ ಲೆಫ್ಟ್' ಎಂದಿದ್ದುದು, ಒಂದೇ ಉಳಿದಾಗ 'ಒನ್ ಟಿಕೆಟ್ ಲೆಫ್ಟ್' ಎಂದಾಗಬೇಕು.