ಯಾವ ಮನೆಯಮ್ಮ ನಿಂದು?

"ಯಾವ ಮನೆಯಮ್ಮ ನಿಂದು?" ಅಂತ ಕೀಬೋರ್ಡ್ ಅಣ್ಣ ಕೇಳಿದರು. ನಾನು "ಚಾಮುಂಡೇಶ್ವರಿ ನಗರ ಸಾರ್, ನೀರಿನ ಟ್ಯಾಂಕ್ ಹಿಂದ್ಗಡೆ" ಅಂದೆ. ತಬಲಾದವರು ನಗೋಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ಅದು 1997. ಮಂಡ್ಯದಲ್ಲಿ ಒಂದು ಅಂಗಡಿಯ ಮಹಡಿ ಮೇಲೆ ಆರ್ಕೆಸ್ಟ್ರಾ ರಿಹರ್ಸಲ್. ನನಗೆ ಹತ್ತೊಂಬತ್ತು. ಅವರು ಕೇಳಿದ್ದು ನನ್ನ ಶ್ರುತಿ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹಾರ್ಮೋನಿಯಂನ ಬಿಳಿ ಕೀಗಳನ್ನು ಎಡದಿಂದ ಎಣಿಸಿಕೊಂಡು ಹೋದರೆ ಒಂದು ಮನೆ, ಎರಡು ಮನೆ, ಮೂರು ಮನೆ. ನಡುವಿನ ಕರಿ ಕೀಗಳು ಒಂದೂವರೆ, ಎರಡೂವರೆ, ಹೀಗೆ. ನಿಮ್ಮ 'ಸ' ಯಾವ ಕೀ ಮೇಲೆ ಆರಾಮಾಗಿ ಕೂರುತ್ತದೋ ಅದು ನಿಮ್ಮ ಮನೆ. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ, ಎರಡು. ಹೆಂಗಸರು ಐದು, ಐದೂವರೆ. ನನ್ನದು ಮೂರು. ಇದು ನನಗೆ ತಿಳಿಯುವ ಹೊತ್ತಿಗೆ ಆರು ವರ್ಷ ಹಾಡಿದ್ದೆ, ಎರಡು ಸಲ ಗಂಟಲು ಕೆಡಿಸಿಕೊಂಡಿದ್ದೆ, ಒಂದು ಸಲ ಊರವರ ಮುಂದೆ ಮಾನ ಕಳೆದುಕೊಂಡಿದ್ದೆ.

ದನಿ ದಪ್ಪ ಅನ್ನೋದು ಚಿಕ್ಕವಳಿದ್ದಾಗಲೇ ಗೊತ್ತಿತ್ತು. ಶಾಲೆಯಲ್ಲಿ ಪ್ರಾರ್ಥನೆ ಹಾಡುವ ಐದು ಹುಡುಗಿಯರಲ್ಲಿ ನಾನೂ ಇದ್ದೆ, ಒಂದೇ ವಾರ. "ನಿನ್ನ ದನಿ ಒಂದೇ ಬೇರೆ ಕೇಳ್ತದೆ, ತುಟಿ ಆಡಿಸು ಸಾಕು" ಅಂದರು ಮಿಸ್ಸು. ಪೂರ್ತಿ ಒಂದು ವರ್ಷ ತುಟಿ ಆಡಿಸಿದ್ದೇನೆ. ಅದನ್ನೂ ನಟನೆ ಅಂತಲೇ ಲೆಕ್ಕ ಹಿಡಿಯಬಹುದು.

ಮನೆಗೆ ಬ್ಲ್ಯಾಕ್ ಅಂಡ್ ವೈಟ್ ಟಿವಿ ಬಂದಿತ್ತು. ಒಂದು ರಾತ್ರಿ ದೂರದರ್ಶನದಲ್ಲಿ ಉಷಾ ಉತುಪ್ ಹಾಡುತ್ತಿದ್ದರು. ಅಜ್ಜಿ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಾ, "ಯಾವನವ್ವ ಅವ್ನು ಹಾಡ್ತಿರೋನು, ಒಳ್ಳೆ ಗಂಟ್ಲು" ಅಂತ ಒಳಗಿಂದಲೇ ಕೂಗಿದರು. ಹೊರಗೆ ಬಂದು ನೋಡಿದರೆ ಕಾಂಜೀವರಂ ಸೀರೆ, ಹಣೆ ತುಂಬ ಬೊಟ್ಟು, ಮುಡಿ ತುಂಬ ಹೂವು. ಅಜ್ಜಿ ಹಿಟ್ಟಿನ ಕೋಲು ಹಿಡಿದೇ ನಿಂತುಬಿಟ್ಟರು. "ಅಯ್ಯೋ ಸಿವ್ನೆ, ಹೆಣ್ಮಗ್ಳು! ನಿನ್ ಗಂಟ್ಲೇ ಕಣಮ್ಮಿ ಅದು."

ಆಮೇಲೆ ಆಯಮ್ಮನ ಬಗ್ಗೆ ಪೇಪರಿನಲ್ಲಿ ಏನೇ ಬಂದರೂ ಕತ್ತರಿಸಿ ಇಡುತ್ತಿದ್ದೆ. 1947ರಲ್ಲಿ ಮುಂಬೈನ ಒಂದು ತಮಿಳು ಮನೆಯಲ್ಲಿ ಹುಟ್ಟಿದವರು. ಶಾಲೆಯ ಸಂಗೀತದ ಕ್ಲಾಸಿನಲ್ಲಿ ಈ ದನಿ ಹೊಂದಲ್ಲ ಅಂತ ಅವರನ್ನೂ ಹೊರಗೆ ಕಳಿಸಿದ್ದರಂತೆ. ಇದನ್ನು ಓದಿದ ದಿನ ನನಗಾದ ಖುಷಿ ಹೇಳೋಕೆ ಆಗಲ್ಲ. ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಮದ್ರಾಸಿನ ಮೌಂಟ್ ರೋಡಿನ ನೈಟ್ ಕ್ಲಬ್ ಒಂದರಲ್ಲಿ ಸೀರೆ ಉಟ್ಟುಕೊಂಡೇ ಹಾಡಿದರು. ಅಲ್ಲಿಂದ ಕೋಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಟ್ರಿಂಕಾಸ್ ಅನ್ನೋ ರೆಸ್ಟೋರೆಂಟ್. ನೈಟ್ ಕ್ಲಬ್ ಅಂದರೆ ನಮ್ಮ ಕಡೆ ಮೂಗು ಮುರಿಯುವ ಕಾಲ. ಅಂಥಲ್ಲಿ ಸೀರೆ, ಬೊಟ್ಟು, ಬಳೆಯಲ್ಲಿ ನಿಂತು ಪಾಪ್ ಹಾಡುವುದು ಅಂದರೆ ಸುಮ್ನೆ ಅಲ್ಲ. 2011ರಲ್ಲಿ ಪದ್ಮಶ್ರೀ, 2024ರಲ್ಲಿ ಪದ್ಮಭೂಷಣ ಬಂತು. ಅದೆಲ್ಲ ಸರಿ. ನನ್ನ ತಲೆಗೆ ಹೊಳೆಯಬೇಕಾಗಿದ್ದ ಮುಖ್ಯ ಸಂಗತಿ ಬೇರೆಯೇ ಇತ್ತು, ಅದು ಎಷ್ಟೋ ವರ್ಷ ಹೊಳೆಯಲೇ ಇಲ್ಲ. ಆಯಮ್ಮ ಎಂದೂ ಬೇರೆಯವರ ಶ್ರುತಿಯಲ್ಲಿ ಹಾಡಲು ಹೋಗಲಿಲ್ಲ.

ನಾನು ಹೋದೆ. ಆರ್ಕೆಸ್ಟ್ರಾದಲ್ಲಿ ಒಂದು ನಂಬಿಕೆ ಇತ್ತು: ಹಾಡನ್ನು ಒರಿಜಿನಲ್ ಸ್ಕೇಲಿನಲ್ಲೇ, ಅಂದರೆ ರೆಕಾರ್ಡಿನಲ್ಲಿ ಇರುವ ಶ್ರುತಿಯಲ್ಲೇ ಹಾಡಬೇಕು, ಇಲ್ಲದಿದ್ದರೆ ಜನಕ್ಕೆ ಹಿಡಿಸಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇರುತ್ತದೆ. ಒಂದು ಸಲ ಒತ್ತಿದರೆ ಪಕ್ಕದ ಕೀಗೆ ಇಳಿಯುತ್ತದೆ. ಐದೂವರೆಯಿಂದ ಮೂರಕ್ಕೆ ಬರಲು ನಾಲ್ಕು ಸಲ ಒತ್ತಿದರೆ ಸಾಕು. ಮೂರಕ್ಕೂ ನಾಲ್ಕಕ್ಕೂ ನಡುವೆ ಕರಿ ಕೀ ಇಲ್ಲ, ಹಾಗಾಗಿ ಮೂರೂವರೆ ಅನ್ನೋ ಮನೆಯೇ ಇಲ್ಲ. ನಾಲ್ಕು ಸಲ ಬೆರಳು ಒತ್ತುವ ಕೆಲಸಕ್ಕೆ ನಾನು ಆರು ವರ್ಷ ಕಾದೆ. ಕೇಳೋಕೆ ನಾಚಿಕೆ. ಹುಡುಗಿಗೆ ಮೇಲಕ್ಕೆ ಹೋಗೋಕೆ ಆಗಲ್ಲ ಅಂದ್ಕೊಂಡು ಮುಂದಿನ ಪ್ರೋಗ್ರಾಂಗೆ ಕರೆಯದಿದ್ದರೆ? ಆಗ ಒಂದು ರಾತ್ರಿಗೆ ನೂರೈವತ್ತು ರೂಪಾಯಿ ಸಿಗುತ್ತಿತ್ತು. ಅದೂ ಕೆಲವು ಸಲ ಸಿಗುತ್ತಿರಲಿಲ್ಲ.

2003ರ ಗಣೇಶನ ಹಬ್ಬ, ಪಾಂಡವಪುರದ ಕಡೆ ಒಂದು ಹಳ್ಳಿ. ಅದು ಆ ವಾರದ ಐದನೇ ಪ್ರೋಗ್ರಾಂ. ರಾತ್ರಿ ಹನ್ನೊಂದರ ಮೇಲೆ ಒಂದು ಹಾಡಿನ ಎರಡನೇ ಚರಣದಲ್ಲಿ ಮೇಲಕ್ಕೆ ಹೋದವಳು ವಾಪಸ್ ಬರಲಿಲ್ಲ. ದನಿ ಒಡೆದು, ಗಾಳಿ ಮಾತ್ರ ಬಂತು. ಹಿಂದಿದ್ದವರು ನುಡಿಸುತ್ತಲೇ ಇದ್ದರು. ಹುಡುಗರು ಶಿಳ್ಳೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮುಂದೆ ಚಾಪೆ ಮೇಲೆ ಕೂತಿದ್ದ ಒಬ್ಬ ತಾತ, "ಬುಡವ್ವ, ಹೋಗಿ ನೀರ್ ಕುಡ್ಕ ಬಾ" ಅಂದರು. ಅದು ಮೈಕಿನಲ್ಲಿ ಕೇಳಿಸಿತು. ವ್ಯಾನಿನ ಹಿಂದಿನ ಸೀಟಿನಲ್ಲಿ ಮಂಡ್ಯದವರೆಗೂ ಅತ್ತೆ.

ಮೂರು ತಿಂಗಳು ಹಾಡಲಿಲ್ಲ. ಡಾಕ್ಟರು ಹತ್ತು ದಿನ ಮಾತೇ ಆಡಬೇಡ ಅಂದರು. ಆ ಹತ್ತು ದಿನದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದು ಅಡ್ಡಗೆರೆ, ಉದ್ದಗೆರೆ ಹಾಕಿದೆ. ದನಿ ವಾಪಸ್ ಬಂದ ಮೇಲೆ ಪಕ್ಕದ ಮನೆಯವರ ಹಳೆಯ ಹಾರ್ಮೋನಿಯಂ ಕೇಳಿ ತಂದು ಕೂತೆ. ನನ್ನ ಸ್ಕೇಲ್ ಬುಕ್ ಹುಟ್ಟಿದ್ದು ಹಾಗೆ.

ಅದರಲ್ಲಿ ಮೊದಲು ಬರೆದಿದ್ದು ಹಾಡಲ್ಲ, ನನ್ನ ಎರಡು ತುದಿ. ಕೂಗದೆ, ಕತ್ತಿನ ನರ ಉಬ್ಬದೆ, ಹತ್ತು ಎಣಿಸುವವರೆಗೆ ಹಿಡಿದು ನಿಲ್ಲಬಲ್ಲ ಅತಿ ಮೇಲಿನ ಸ್ವರ ಯಾವುದು? ಮೈಕಿಗೆ ಕೇಳಿಸುವಷ್ಟು ಗಟ್ಟಿಯಾಗಿ ಬರುವ ಅತಿ ಕೆಳಗಿನದು ಯಾವುದು? ಬೆಳಿಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ ನೋಡಿಕೊಂಡೆ. ಎರಡರಲ್ಲಿ ಕಮ್ಮಿ ಇದ್ದದ್ದನ್ನೇ ಬರೆದೆ. ಆಮೇಲೆ ಒಂದೊಂದೇ ಹಾಡು. ಇಲ್ಲಿ ಒಂದು ವಿಷಯ ಕಲಿತೆ. ಹಾಡಿನ 'ಸ' ಎಲ್ಲಿದೆ ಅಂತ ನೋಡಿದರೆ ಸಾಲದು, ಹಾಡು ಎಲ್ಲಿಯವರೆಗೆ ಏರುತ್ತದೆ ಅಂತ ನೋಡಬೇಕು. ಕೆಲವು ಹಾಡು ಪಲ್ಲವಿಯಲ್ಲಿ ತುಂಬ ಸಾಧು. ಚರಣಕ್ಕೆ ಬಂದಾಗ ಚಾಮುಂಡಿ ಬೆಟ್ಟ ಹತ್ತಿಸಿಬಿಡುತ್ತವೆ. ಆ ಅತಿ ಎತ್ತರದ ಸ್ವರ ನನ್ನ ತುದಿಗಿಂತ ಒಂದು ಕೀ ಕೆಳಗೇ ಬೀಳುವ ಹಾಗೆ ಇಳಿಸಿ, ಪಕ್ಕದಲ್ಲಿ 'ಮೈನಸ್ ಮೂರು', 'ಮೈನಸ್ ನಾಲ್ಕು' ಅಂತ ಬರೆದೆ. ಒಂದು ಕೀ ಯಾಕೆ ಬಿಡಬೇಕು ಅಂದರೆ ಹಬ್ಬದ ಐದನೇ ರಾತ್ರಿಗೆ.

ನಾಲ್ಕು ತಿಂಗಳು ಬಿಟ್ಟು ಹೊಸ ತಂಡಕ್ಕೆ ಸೇರಿದಾಗ ಆ ಪುಸ್ತಕವನ್ನೇ ಕೀಬೋರ್ಡಿನ ಮುಂದೆ ಇಟ್ಟೆ. ಯಾರೂ ಏನೂ ಅನ್ನಲಿಲ್ಲ. ಸ್ಕೇಲ್ ಇಳಿದಿದೆ ಅಂತ ಇವತ್ತಿಗೂ ಒಬ್ಬ ಕೇಳುಗನೂ ಬಂದು ನನ್ನನ್ನು ಕೇಳಿಲ್ಲ.

ಆದರೆ ತೊಂದರೆ ಇಲ್ಲ ಅಂತಲ್ಲ. ಕೀಬೋರ್ಡಿಗೆ ಬಟನ್ ಇದೆ, ಕೊಳಲಿಗೆ ಇಲ್ಲ. ಕೊಳಲಿನವರು ಬೇರೆ ಶ್ರುತಿಯ ಕೊಳಲು ಚೀಲದಲ್ಲಿ ಇಟ್ಟುಕೊಂಡಿರಬೇಕು, ಮುಂಚೆಯೇ ಹೇಳಬೇಕು. ಗಿಟಾರಿಗೆ ಕ್ಯಾಪೋ, ಅಂದರೆ ತಂತಿ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿದರೆ ಶ್ರುತಿ ಏರುತ್ತದೆ, ಇಳಿಯಲ್ಲ. ತಬಲಾಕ್ಕೆ ಸುತ್ತಿಗೆಯಲ್ಲಿ ಸ್ವಲ್ಪ ಏರಿಸಬಹುದು, ಇಳಿಸಬಹುದು, ಅಷ್ಟೇ. ಎಲ್ಲಕ್ಕಿಂತ ದೊಡ್ಡ ತಲೆನೋವು ಡ್ಯುಯೆಟ್. ನನಗೋಸ್ಕರ ನಾಲ್ಕು ಕೀ ಇಳಿಸಿದರೆ ಗಂಡು ದನಿಯವರು ಪಾತಾಳಕ್ಕೆ ಹೋಗುತ್ತಾರೆ. ಅವರ ಸಾಲು ಗೊಣಗಿದ ಹಾಗೆ ಕೇಳುತ್ತದೆ. ಇದಕ್ಕೆ ನಾವು ಕಂಡುಕೊಂಡ ದಾರಿ, ಅವರು ಹಾಡುವಾಗ ಅವರ ಮನೆ, ನಡುವಿನ ಮ್ಯೂಸಿಕ್ಕಿನಲ್ಲಿ ಕೀಬೋರ್ಡ್ ನಿಧಾನಕ್ಕೆ ನನ್ನ ಮನೆಗೆ ಬರುವುದು. ಚೆನ್ನಾಗಿ ನುಡಿಸುವವರಿದ್ದರೆ ಅದೇ ಒಂದು ಚಂದ. ಇಲ್ಲದಿದ್ದರೆ ಬಸ್ಸು ಗೇರ್ ಬದಲಾಯಿಸಿದ ಹಾಗಿರುತ್ತದೆ.

ಗಂಟಲಿಗೆ ಏನು ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಶುಂಠಿ, ಜೇಷ್ಠಮಧು ಎಲ್ಲ ಬಾಯಲ್ಲಿ ಇಟ್ಟುಕೊಂಡಿದ್ದೇನೆ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಮಾನಿಟರ್ ಸ್ಪೀಕರ್. ವೇದಿಕೆ ಮೇಲೆ ನಮ್ಮ ದನಿ ನಮಗೆ ಕೇಳಿಸದಿದ್ದರೆ ಗೊತ್ತಿಲ್ಲದೆ ಕೂಗುತ್ತೇವೆ. ಅರ್ಧ ಗಂಟಲು ಹೋಗುವುದು ಅಲ್ಲೇ. ಮೈಕ್ ಸೆಟ್ಟಿನ ಹುಡುಗನಿಗೆ ಮೊದಲು ಕಾಫಿ ಕೊಡಿಸಿ, ಆಮೇಲೆ ಮಾನಿಟರ್ ಕೇಳಿ.

2004ರಲ್ಲಿ ಮದುವೆಯಾಗಿ ಮೈಸೂರಿಗೆ ಬಂದೆ. ದಸರಾದಲ್ಲಿ ಆಹಾರ ಮೇಳದ ವೇದಿಕೆ, ಬಡಾವಣೆಗಳ ರಾಜ್ಯೋತ್ಸವ, ಮದುವೆ ರಿಸೆಪ್ಷನ್. ಅರಮನೆ ಮುಂದಿನ ದೊಡ್ಡ ವೇದಿಕೆಗೆ ಇದುವರೆಗೂ ಯಾರೂ ಕರೆದಿಲ್ಲ, ನಾನೂ ಅರ್ಜಿ ಹಾಕಿಲ್ಲ. ನನಗೆ ಹೆಸರು ಬಂದದ್ದು ಒಂದು ಆಕಸ್ಮಿಕದಿಂದ. ಒಂದು ರಾಜ್ಯೋತ್ಸವಕ್ಕೆ ಗಂಡು ಹಾಡುಗಾರರು ಬರಲಿಲ್ಲ, ಬಸ್ಸು ಕೆಟ್ಟಿತ್ತು. ಜನ ಅಣ್ಣಾವ್ರ ಹಾಡು ಬೇಕೇ ಬೇಕು ಅಂತ ಕೂತಿದ್ದರು. ಗಂಡಸರ ಹಾಡು ನನಗೆ ಇಳಿಸುವುದಲ್ಲ, ಏರಿಸಬೇಕು. ಪ್ಲಸ್ ಮೂರು ಹಾಕಿಸಿಕೊಂಡು ಹಾಡಿದೆ. ಮೊದಲ ಸಾಲಿಗೇ ಸದ್ದು ನಿಂತಿತು, ಮುಗಿದಾಗ ಒನ್ಸ್ ಮೋರ್. ಹೆಣ್ಣುಮಗಳು, ರೇಷ್ಮೆ ಸೀರೆ, ರಾಜ್‌ಕುಮಾರ್ ಹಾಡು, ಅದೂ ದನಿ ಸಣ್ಣ ಮಾಡದೆ. ಆ ವರ್ಷ ಸ್ಕೇಲ್ ಬುಕ್ಕಿನಲ್ಲಿ ಪ್ಲಸ್ ಪುಟಗಳು ಶುರುವಾದವು. ಈಗ ನನಗೆ ಬರುವ ಬುಕಿಂಗಿನಲ್ಲಿ ಜಾಸ್ತಿ ಅದಕ್ಕೇ.

ಸೀರೆ ಮಾತು ಬಂತಲ್ಲ. ಉಷಾ ಉತುಪ್ ಕಾಂಜೀವರಂ ಬಟ್ಟೆ ಹಚ್ಚಿದ ಶೂ ಹಾಕಿಕೊಂಡು ವೇದಿಕೆ ಹತ್ತುತ್ತಾರೆ. ನಾಲ್ಕು ಗಂಟೆ ನಿಂತು ಹಾಡುವವರಿಗೆ ಮಾತ್ರ ಅದರ ಬೆಲೆ ಗೊತ್ತು. ನಾನು ಅಷ್ಟು ದೂರ ಹೋಗಲಿಲ್ಲ. ಮಗನ ಹಳೆಯ ಕ್ಯಾನ್ವಾಸ್ ಶೂ, ಮೇಲೆ ಸೀರೆ ನೆರಿಗೆ. ಯಾರಿಗೆ ಕಾಣುತ್ತದೆ?

ಇನ್ನು ನಟನೆ. ಪಾಪ್ ಹಾಡುವವರು ಸಿನಿಮಾಕ್ಕೆ ಹೋಗೋದು ಹೊಸದಲ್ಲ. ಉಷಾ ಅವರೇ 2006ರಲ್ಲಿ ಮಮ್ಮುಟ್ಟಿ ಜೊತೆ ಮಲಯಾಳಂ ಚಿತ್ರದಲ್ಲಿ ನಟಿಸಿದರು. ನಮ್ಮ ಬೆಂಗಳೂರಿನ ವಸುಂಧರಾ ದಾಸ್ 1999ರಲ್ಲಿ ರೆಹಮಾನ್ ಸಂಗೀತದಲ್ಲಿ ಹಾಡಿ ಹೆಸರಾದರು, 2000ದಲ್ಲಿ ಕಮಲ್ ಹಾಸನ್ ಚಿತ್ರದಲ್ಲಿ ನಟಿಸಿದರು, 2003ರಲ್ಲಿ ಕನ್ನಡದಲ್ಲೂ ನಾಯಕಿಯಾದರು. ನಾನೂ ಬೆಂಗಳೂರಿಗೆ ಹೋಗಿ ಒಂದು ಧಾರಾವಾಹಿಯಲ್ಲಿ ಅತ್ತೆಯ ತಂಗಿಯಾಗಿ ಹದಿನಾಲ್ಕು ದಿನ ಬಾಗಿಲು ತೆಗೆದೆ. ಪ್ರಸಾರವಾದಾಗ ನೋಡಿದರೆ ಮುಖ ನನ್ನದು, ದನಿ ಬೇರೆ ಯಾರದ್ದೋ. ಮನೆ ಹೆಂಗಸಿಗೆ ಈ ದನಿ ಹೊಂದಲ್ಲ ಅಂತ ಡಬ್ ಮಾಡಿಸಿದ್ದರು. ಮತ್ತೆ ತುಟಿ ಆಡಿಸಿದ ಹಾಗಾಯ್ತು. ಆ ಕಡೆ ತಲೆ ಹಾಕಲಿಲ್ಲ.

ನಟಿ ಅನ್ನಿಸಿಕೊಂಡದ್ದು ನಮ್ಮೂರಲ್ಲೇ, ಕುರುಕ್ಷೇತ್ರ ನಾಟಕದಲ್ಲಿ. ಮಂಡ್ಯದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಿನ ಗಂಡಸರು ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾರೆ. ದುರ್ಯೋಧನ, ಕೃಷ್ಣ ಅಂದರೆ ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನ ಕಲಾವಿದೆಯರು. ನಾವು ಕೊನೆಯ ಒಂದೆರಡು ತಾಲೀಮಿಗೆ ಹೋಗಿ, ನೇರ ಸೀನರಿ ಮುಂದೆ ನಿಲ್ಲುತ್ತೇವೆ. ಗೊತ್ತಿದ್ದ ಕಲಾವಿದೆಯೊಬ್ಬರಿಗೆ ಹುಷಾರಿಲ್ಲದೆ ಅವರ ಬದಲಿಗೆ ದ್ರೌಪದಿಯಾಗಿ ಹೋದೆ. ಮಾತು ಬಾಯಿಪಾಠ ಮಾಡಲು ನಾಲ್ಕು ದಿನ ಸಿಕ್ಕಿತ್ತು.

ಮೇಷ್ಟ್ರು ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಮುಂದೆ ಕೂತು, "ಯಾವ ಮನೆ ತಾಯಿ?" ಅಂದರು. ಈ ಸಲ ನೀರಿನ ಟ್ಯಾಂಕ್ ಹೇಳಲಿಲ್ಲ. "ಮೂರು ಮೇಷ್ಟ್ರೆ" ಅಂದೆ. ತಲೆ ಎತ್ತಿ ನೋಡಿದರು. ಅವರ ಹಾರ್ಮೋನಿಯಂನಲ್ಲಿ ಬಟನ್ ಇಲ್ಲ, ಬೆರಳೇ ಜಾಗ ಬದಲಿಸಬೇಕು. ಭೀಮನಿಗೆ ಒಂದು ಶ್ರುತಿ, ಶಕುನಿಗೆ ಇನ್ನೊಂದು, ಎದ್ದು ಬಂದವರ ಗಂಟಲು ನೋಡಿ ಅಲ್ಲಲ್ಲೇ ಹಿಡಿಯುತ್ತಾರೆ. ಸಂಧಾನಕ್ಕೆ ಹೊರಟ ಕೃಷ್ಣನ ಮುಂದೆ ದ್ರೌಪದಿ ಬಿಚ್ಚಿದ ಮುಡಿ ಹಿಡಿದು ಕೇಳುವ ಸೀನು. ನಾನು ಪದ್ಯ ಎತ್ತಿದೆ. ಮುಗಿದ ಮೇಲೆ ಮೇಷ್ಟ್ರು ವೀಳ್ಯದೆಲೆ ಬಾಯಿಗೆ ಹಾಕಿಕೊಳ್ಳುತ್ತಾ, "ಸಿಟ್ಟು ಮೂರನೇ ಮನೇಲೇ ಇರ್ತದೆ ಕಣವ್ವ, ಐದರಲ್ಲಿ ಬರೀ ಅಳು" ಅಂದರು. ದುರ್ಯೋಧನನ ಪಾರ್ಟಿನವರು ಮಾತ್ರ ಬೇಜಾರು ಮಾಡಿಕೊಂಡರು, ನನ್ನ ದನಿ ಅವರದಕ್ಕಿಂತ ದಪ್ಪ ಕೇಳಿಸಿತಂತೆ. ಎರಡು ಎಕರೆ ಕಬ್ಬಿನ ದುಡ್ಡು ಸುರಿದು ಪಾತ್ರ ಹಿಡಿದಿದ್ದರು ಪಾಪ.

ಮೊದಲೆಲ್ಲ ಬೆಳಗಾಗುವವರೆಗೂ ಆಡುತ್ತಿದ್ದೆವು. ರಾತ್ರಿ ಹತ್ತರ ಮೇಲೆ ಮೈಕ್ ಹಾಕಬಾರದು ಅನ್ನೋ ನಿಯಮ ಬಿಗಿಯಾದ ಮೇಲೆ ಬಹಳ ನಾಟಕ ಹಗಲಿಗೇ ಬಂದಿವೆ. ಮಂಡ್ಯದ ಕಲಾಮಂದಿರದಲ್ಲಿ ಬೆಳಿಗ್ಗೆಯೇ ಬಣ್ಣ ಹಚ್ಚಿ ಕೂತರೆ ಊಟದ ಹೊತ್ತಿಗೆ ಇನ್ನೂ ಸಂಧಾನವೇ ಆಗಿರುವುದಿಲ್ಲ. ಆರ್ಕೆಸ್ಟ್ರಾ ಅಂತೂ ಕಮ್ಮಿಯಾಗಿ, ಬರೀ ಮ್ಯೂಸಿಕ್ ತುಂಬಿದ ಪೆನ್‌ಡ್ರೈವ್ ಟ್ರ್ಯಾಕ್ ಬಂತು. ಟ್ರ್ಯಾಕನ್ನು ಎರಡು ಕೀ ಇಳಿಸಿದರೆ ಪರವಾಗಿಲ್ಲ. ನಾಲ್ಕು ಇಳಿಸಿದರೆ ಬ್ಯಾಟರಿ ಇಳಿದ ಟೇಪ್ ರೆಕಾರ್ಡರ್. ಅದಕ್ಕೇ ನಾನು ಇವತ್ತಿಗೂ ಒಬ್ಬ ಕೀಬೋರ್ಡ್‌ನವರನ್ನಾದರೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ, ನನ್ನ ದುಡ್ಡಲ್ಲಿ ಪಾಲು ಕೊಟ್ಟು.

ಬರುವ ಭಾನುವಾರ ಮಳವಳ್ಳಿ ಕಡೆ ನಾಟಕ ಇದೆ. ಈ ಸಲ ದ್ರೌಪದಿ ಅಲ್ಲ, ಕುಂತಿ. ವಯಸ್ಸಾಯ್ತಲ್ಲ. ಮೇಷ್ಟ್ರಿಗೆ ನಿನ್ನೆ ಫೋನ್ ಮಾಡಿ ಎರಡೂವರೆ ಅಂತ ಹೇಳಿದೆ. "ಮೂರು ಅಲ್ವಾ ತಾಯಿ ನಿಮ್ದು?" ಅಂದರು.

"ಇತ್ತು ಮೇಷ್ಟ್ರೆ. ಮನೆ ಬದಲಾಯಿಸಿದ್ದೀನಿ."