ಯಾರೂ ನೋಡ್ದಿರೋ ಲೋಕಲ್ ಹುಡುಗ್ರನ್ನ ಕಾಲೇಜ್ ಫುಟ್‌ಬಾಲ್‌ಗೆ ತರೋದು ಹೇಗೆ

ಅಮೆರಿಕದಲ್ಲಿ ಸಣ್ಣ ಕಾಲೇಜ್‌ನ ಅಮೆರಿಕನ್ ಫುಟ್‌ಬಾಲ್ (ಬಾಲ್ ಕೈಲಿ ಹಿಡ್ದು ಓಡೋ ಆಟ) ಟೀಮ್ ನಡೆಸ್ತಿದ್ರೆ ಸ್ಟಾರ್ ರೇಟಿಂಗ್ (ಹೈಸ್ಕೂಲ್ ಆಟಗಾರ್ರಿಗೆ ವೆಬ್‌ಸೈಟ್‌ಗಳು ಕೊಡೋ ಸ್ಟಾರ್) ನೋಡೋದು ಬಿಡಿ, ಅಲ್ಲಿ ದೊಡ್ಡ ಕಾಲೇಜ್‌ನೋರು ಆಗ್ಲೇ ಕ್ಯೂ ನಿಂತಿರ್ತಾರೆ. ಹತ್ತಿರದ ಹೈಸ್ಕೂಲ್ ಕೋಚ್ ಹತ್ರ ಕೂತು, ಯಾವ ಕಾಲೇಜಿಂದ್ಲೂ ಆಫರ್ ಬರ್ದೇ ಇರೋ ಒಳ್ಳೆ ಹುಡುಗ ಯಾರು ಅಂತ ಕೇಳಿ. ಹೈಲೈಟ್ಸ್ ನಂಬ್ಬೇಡಿ, ಪೂರ್ತಿ ಮ್ಯಾಚ್ ನೋಡಿ, ಬಾಲ್ ಕೈಲಿ ಇಲ್ದಾಗ ಏನ್ ಮಾಡ್ತಾನೆ ಅನ್ನೋದ್ರಲ್ಲೇ ಹುಡುಗ ಏನು ಅಂತ ಗೊತ್ತಾಗೋದು. ಕುಸ್ತಿ, ಟ್ರ್ಯಾಕ್ ಮೀಟ್‌ಗೂ ಹೋಗಿ. ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಆಟಗಾರ ಜೋಶ್ ಅಲನ್ ನೋಡಿ, ಕ್ಯಾಲಿಫೋರ್ನಿಯಾದ ಸಣ್ಣ ಊರಿನವ್ನು, ಹೈಸ್ಕೂಲ್ ಮುಗಿದಾಗ ಒಂದೂ ಸ್ಕಾಲರ್‌ಶಿಪ್ ಆಫರ್ ಇರ್ಲಿಲ್ಲ, ರೀಡ್ಲಿ ಕಾಲೇಜ್ ಸೇರಿ, ಆಮೇಲೆ ವಯೋಮಿಂಗ್ ಯೂನಿವರ್ಸಿಟಿಗೆ ಹೋಗಿ, 2018ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಸರದಿ ಪ್ರಕಾರ ಹೊಸ ಆಟಗಾರ್ರನ್ನ ಆರಿಸ್ಕೊಳ್ಳೋದು) 7ನೇ ಪಿಕ್ ಆದ! ಮಾರ್ಕ್ಸ್ ಬೇಗ ಚೆಕ್ ಮಾಡಿ, ಕಾಲೇಜ್ ಕ್ರೀಡೆ ನಡೆಸೋ ಎನ್‌ಸಿಎಎ ಸಂಸ್ಥೆಯ ಎರಡನೇ ಹಂತ, ಅಂದ್ರೆ ಡಿವಿಷನ್ 2ಕ್ಕೆ, ಹೈಸ್ಕೂಲಲ್ಲಿ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತದಂಥ ಮುಖ್ಯ ವಿಷಯ), ಅವುಗಳಲ್ಲಿ 2.2 ಜಿಪಿಎ (4ಕ್ಕೆ ಸರಾಸರಿ ಗ್ರೇಡ್) ಬೇಕು. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ, ಅದನ್ನ ಅಪ್ಪ ಅಮ್ಮಂಗೆ ಮೊದ್ಲ ದಿನಾನೇ ಹೇಳ್ಬಿಡಿ.