ನರರೋಗ ತಜ್ಞರ ಬಳಿ ಹೋಗುವಾಗ ಕಣ್ಣಾರೆ ಕಂಡವರನ್ನೂ ಕರೆದೊಯ್ಯಿರಿ

ಕಲಬುರಗಿಯಲ್ಲಿ ನರರೋಗ ತಜ್ಞರ ಕೋಣೆಯ ಹೊರಗೆ ಸ್ವಲ್ಪ ಹೊತ್ತು ಕೂತರೆ ಸಾಕು, ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಒಮ್ಮೆ ತಲಿ ಸ್ಕ್ಯಾನ್ ಮಾಡ್ಸಿಬಿಡ್ರಿ ಸಾಹೇಬ್ರ, ಏನದ ಅಂತ ಗೊತ್ತಾಗ್ತದ.’ ಸುರಪುರದಿಂದಲೋ ಚಿಂಚೋಳಿಯಿಂದಲೋ ದಿನದ ಕೂಲಿ ಬಿಟ್ಟು ಬಂದವರಿಗೆ ಒಂದೇ ದಿನದಲ್ಲಿ ಎಲ್ಲ ಮುಗಿಯಲಿ ಎನಿಸುವುದು ಸಹಜ. ಆದರೆ ಮೆದುಳಿನ ಬಹಳಷ್ಟು ಕಾಯಿಲೆಗಳು ಪತ್ತೆಯಾಗುವುದು ರೋಗಿ ಮತ್ತು ಮನೆಯವರು ಹೇಳುವ ವಿವರದಿಂದ. ಮೈಗ್ರೇನ್ ಇರುವವರ ಎಂಆರ್‌ಐ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ಪಾರ್ಕಿನ್ಸನ್ ಕಾಯಿಲೆಯನ್ನು 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನರನ್ನು ಗಮನಿಸಿ ವಿವರಿಸಿದರು. ಅವರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ಕಂಡದ್ದಷ್ಟೇ. ಇಂದಿಗೂ ಆ ಕಾಯಿಲೆಯನ್ನು ತಜ್ಞರು ಮುಖ್ಯವಾಗಿ ನಡಿಗೆ, ನಡುಕ, ಕೈಕಾಲಿನ ಬಿಗಿತ ನೋಡಿಯೇ ನಿರ್ಧರಿಸುತ್ತಾರೆ.

ಆದ್ದರಿಂದ ದವಾಖಾನೆಗೆ ಹೊರಡುವ ಮೊದಲೇ ಮಾಡಿಕೊಳ್ಳಬೇಕಾದ ಕೆಲಸ ಸಾಕಷ್ಟಿದೆ.

ಯಾರ ಬಳಿ ಹೋಗಬೇಕು?

ನ್ಯೂರಾಲಜಿಸ್ಟ್ ಎಂದರೆ ಎಂಬಿಬಿಎಸ್ ಮತ್ತು ಎಂಡಿ ಮುಗಿಸಿ, ಸಾಮಾನ್ಯವಾಗಿ ಮತ್ತೆ ಮೂರು ವರ್ಷ ಡಿಎಂ ಓದಿದವರು. ಮೆದುಳು, ಬೆನ್ನುಹುರಿ, ನರ, ಸ್ನಾಯುಗಳ ಕಾಯಿಲೆಗೆ ಔಷಧಿಯಿಂದ ಚಿಕಿತ್ಸೆ ಕೊಡುತ್ತಾರೆ. ಆಪರೇಷನ್ ಮಾಡುವವರು ನ್ಯೂರೋಸರ್ಜನ್. ಖಿನ್ನತೆ, ಭ್ರಮೆ, ಕುಡಿತದ ಚಟಕ್ಕೆ ಮನೋವೈದ್ಯರು. ಮನಸ್ಸಿನ ತೊಂದರೆಯಾದರೆ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಮಾತನಾಡಬಹುದು.

ಪ್ರತಿ ತಲೆನೋವಿಗೂ ತಜ್ಞರು ಬೇಕಿಲ್ಲ. ಮೊದಲು ತಾಲ್ಲೂಕಿನ ವೈದ್ಯರಿಗೆ ತೋರಿಸಿ ಬಿಪಿ, ಸಕ್ಕರೆ ಪರೀಕ್ಷೆ ಮಾಡಿಸಿ. ಆದರೆ ಸಿಡಿಲು ಬಡಿದಂತೆ ಒಮ್ಮೆಲೇ ಬಂದ ತಲೆನೋವು, ಜ್ವರದ ಜೊತೆ ಕತ್ತು ಬಿಗಿಯುವ ತಲೆನೋವು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದದ್ದು, ಬಾಣಂತಿಗೆ ಬಂದದ್ದು, ಇವನ್ನು ತಡಮಾಡದೆ ತೋರಿಸಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಹೆರಿಗೆಯಾದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ಮೈಯಲ್ಲಿ ನೀರೂ ಕಡಿಮೆಯಾದರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಕಲಬುರಗಿಯ ಬೇಸಿಗೆಯಲ್ಲಂತೂ ಈ ರೂಢಿಯನ್ನು ಬಿಡಲೇಬೇಕು. ಬಾಣಂತಿಗೆ ತಲೆನೋವಿನ ಜೊತೆ ಫಿಟ್ಸ್ ಬಂದರೆ ‘ಗಾಳಿ ಸೋಕ್ಯದ’ ಎಂದು ಕೂರಬೇಡಿ.

ಲಕ್ವಾ (ಪಾರ್ಶ್ವವಾಯು): ಇಲ್ಲಿ ಕಾಯುವ ಹಾಗಿಲ್ಲ

ಬಾಯಿ ಒಂದು ಕಡೆ ಸೊಟ್ಟಗಾಯಿತು, ಒಂದು ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ. ಇಷ್ಟರಲ್ಲಿ ಒಂದು ಕಂಡರೂ ತಜ್ಞರ ಅಪಾಯಿಂಟ್‌ಮೆಂಟ್ ಕೇಳುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಮೊದಲು ಗಡಿಯಾರ ನೋಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಕ್ಕೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಕೈಕಾಲು ಬಿದ್ದದ್ದನ್ನು ನೀವು ನೋಡಿದ ಹೊತ್ತಿನಿಂದ ಈ ಲೆಕ್ಕ ಶುರುವಾಗುವುದಿಲ್ಲ. ರೋಗಿ ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ ಶುರುವಾಗುತ್ತದೆ. ರಾತ್ರಿ ಹತ್ತಕ್ಕೆ ಚೆನ್ನಾಗಿಯೇ ಮಲಗಿದ ಅಪ್ಪ ಬೆಳಿಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದಿದ್ದರೆ, ವೈದ್ಯರು ಹತ್ತು ಗಂಟೆಯಿಂದಲೇ ಎಣಿಸುತ್ತಾರೆ. ನಡುರಾತ್ರಿ ನೀರು ಕುಡಿಯಲು ಎದ್ದು ಸರಿಯಾಗಿ ಮಾತಾಡಿದ್ದನ್ನು ಯಾರಾದರೂ ಕಂಡಿದ್ದರೆ ಲೆಕ್ಕವೇ ಬದಲಾಗುತ್ತದೆ. ಹಾಗೆ ಕಂಡವರು ಆಂಬುಲೆನ್ಸಿನಲ್ಲಿ ಜೊತೆಗಿರಲಿ, ಇಲ್ಲವೇ ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇರಲಿ.

ಚುಚ್ಚುಮದ್ದಿಗೆ ಮೊದಲು ಸಿಟಿ ಸ್ಕ್ಯಾನ್ ಬೇಕೇಬೇಕು. ಲಕ್ವಾ ಆಗಿರುವುದು ಹೆಪ್ಪಿನಿಂದಲೋ ರಕ್ತಸ್ರಾವದಿಂದಲೋ ಎಂದು ಹೊರಗಿನಿಂದ ನೋಡಿ ಹೇಳಲಾಗದು, ಒಂದರ ಮದ್ದು ಇನ್ನೊಂದಕ್ಕೆ ಮಾರಕ. ಹಾಗಾಗಿ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ. ಬಿಪಿ ಮಾತ್ರೆಯನ್ನು ನಾಲಿಗೆ ಕೆಳಗಿಡಬೇಡಿ. ನೀರನ್ನೂ ಕುಡಿಸಬೇಡಿ, ನುಂಗಲಾಗದವರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ, ಸಕ್ಕರೆ ತೀರಾ ಇಳಿದಾಗಲೂ ಥೇಟ್ ಲಕ್ವಾದಂತೆಯೇ ಕಾಣುತ್ತದೆ.

ಸ್ವಲ್ಪ ಕೈ ಓಡುವ ಮನೆಗಳಲ್ಲಿ ಗಾಡಿ ನೇರ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊರಡುತ್ತದೆ. ಕಲಬುರಗಿಯಿಂದ ಹೈದರಾಬಾದಿಗೆ ನಾಲ್ಕೈದು ತಾಸು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಚುಚ್ಚುಮದ್ದಿನ ಅವಧಿಯೇ ಮುಗಿದಿರುತ್ತದೆ. ಸಿಟಿ ಸ್ಕ್ಯಾನ್ ಇರುವ ಹತ್ತಿರದ ದವಾಖಾನೆಗೆ ಮೊದಲು ಹೋಗಿ. ದೊಡ್ಡ ಹೆಪ್ಪನ್ನು ತಂತಿಯಿಂದ ಹೊರತೆಗೆಯುವಂಥ ಚಿಕಿತ್ಸೆ ಬೇಕೆಂದರೆ ದೊಡ್ಡ ಊರಿಗೆ ಅಲ್ಲಿಂದಲೇ ಕಳಿಸುತ್ತಾರೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದರೂ ಹೋಗಲೇಬೇಕು, ಅದು ದೊಡ್ಡ ಲಕ್ವಾದ ಮುನ್ಸೂಚನೆ ಇರಬಹುದು.

ಲಕ್ವಾಕ್ಕೆ ಸೊಪ್ಪು ಕಟ್ಟುವ, ಪಾರಿವಾಳದ ರಕ್ತ ಹಚ್ಚುವ ಮದ್ದಿನ ಬಗ್ಗೆಯೂ ಹೇಳಬೇಕು. ಮುಖದ ನರ ಊದಿಕೊಂಡು ಬಾಯಿ ಸೊಟ್ಟಗಾಗುವ, ಕಣ್ಣು ಮುಚ್ಚಲಾಗದ ಬೇರೊಂದು ತೊಂದರೆ ಇದೆ, ಬೆಲ್ಸ್ ಪಾಲ್ಸಿ. ಅದು ಬಹುಪಾಲು ಜನರಲ್ಲಿ ಕೆಲವು ವಾರ, ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಮದ್ದುಗಳಿಗೆ ಹೆಸರು ತಂದುಕೊಟ್ಟವರು ಇಂಥ ರೋಗಿಗಳೇ ಇರಬೇಕು ಎಂಬುದು ನನ್ನ ಅನುಮಾನ. ಅದಕ್ಕೂ ಮೂರು ದಿನದೊಳಗೆ ಸ್ಟೆರಾಯ್ಡ್ ಶುರುಮಾಡಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಯಾವುದು ಯಾವುದೆಂದು ನೀವೇ ತೀರ್ಮಾನಿಸಬೇಡಿ.

ಫಿಟ್ಸ್ ಬಂದಾಗ ಒಬ್ಬರು ನೋಡಿಕೊಳ್ಳಲಿ, ಒಬ್ಬರು ವಿಡಿಯೋ ಮಾಡಲಿ

ಕೈಗೆ ಕಬ್ಬಿಣ, ಮೂಗಿಗೆ ಚಪ್ಪಲಿ, ಬಾಯಿಗೆ ಚಮಚ ಬೇಡ. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯಡಿ ಮೆತ್ತನೆಯ ಬಟ್ಟೆ ಇಟ್ಟು ಸಮಯ ನೋಡಿಕೊಳ್ಳಿ. ಹೆಚ್ಚಿನವು ಎರಡು ಮೂರು ನಿಮಿಷದಲ್ಲಿ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಬಂದರೆ 108.

ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲಿ. ಅಂಥ ಹೊತ್ತಿನಲ್ಲಿ ಇದು ಕಲ್ಲೆದೆಯ ಕೆಲಸವೆನಿಸಬಹುದು. ಆದರೆ ವೈದ್ಯರ ಮುಂದೆ ಕೂತಾಗ ರೋಗಿಗೆ ತನಗೇನಾಯಿತೆಂದು ಬಹಳಷ್ಟು ಸಲ ನೆನಪೇ ಇರುವುದಿಲ್ಲ. ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಕತ್ತು ಯಾವ ಕಡೆ ತಿರುಗಿತು, ಜರ್ಕು ಮೊದಲು ಶುರುವಾದದ್ದು ಯಾವ ಕೈಯಲ್ಲಿ, ನಾಲಿಗೆ ಕಚ್ಚಿಕೊಂಡರೇ, ಎಷ್ಟು ಹೊತ್ತಿಗೆ ಮಾತು ಬಂತು ಎಂಬುದರಿಂದಲೇ ಅದು ಮೂರ್ಛೆರೋಗವೋ, ಬಿಸಿಲಿಗೆ ತಲೆಸುತ್ತಿ ಬಿದ್ದದ್ದೋ, ಮಾನಸಿಕ ಒತ್ತಡದ ಪರಿಣಾಮವೋ ತಿಳಿಯುತ್ತದೆ. ಮೊದಲಿಗೆ ಎಡಗೈಯಷ್ಟೇ ಅದುರಿದ್ದರೆ ಮೆದುಳಿನ ಬಲಭಾಗದಲ್ಲಿ ತೊಂದರೆಯನ್ನು ಹುಡುಕುತ್ತಾರೆ.

ತಜ್ಞರ ಕೋಣೆಯಲ್ಲಿ

ನೋಡಿದವರು, ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ (ಹಳದಿ ಮಾತ್ರೆ ಎಂದರೆ ಯಾರಿಗೂ ತಿಳಿಯದು), ಸ್ಕ್ಯಾನಿನ ಫಿಲ್ಮ್ ಮತ್ತು ಸಿಡಿ ಜೊತೆಗಿರಲಿ. ‘ಚಕ್ಕರ್ ಬರ್ತದ’ ಎಂದು ನಿಲ್ಲಿಸದೆ, ಮನೆ ಗಿರಗಿರ ತಿರುಗುತ್ತದೋ, ಕಣ್ಣಿಗೆ ಕತ್ತಲೆ ಬರುತ್ತದೋ, ನಡೆಯುವಾಗ ವಾಲುತ್ತದೋ ಹೇಳಿ; ಮೂರಕ್ಕೂ ಕಾರಣ ಬೇರೆಬೇರೆ.

ಆಮೇಲೆ ಅವರು ಮೂಗು ಮುಟ್ಟಿಸುತ್ತಾರೆ, ಗೆರೆಯ ಮೇಲೆ ನಡೆಸುತ್ತಾರೆ, ಸುತ್ತಿಗೆಯಿಂದ ಮೊಣಕಾಲು ತಟ್ಟುತ್ತಾರೆ, ಅಂಗಾಲು ಗೀರುತ್ತಾರೆ. ಇದು ಕಾಟಾಚಾರವಲ್ಲ. ಅಂಗಾಲು ಗೀರಿದಾಗ ಹೆಬ್ಬೆರಳು ಮೇಲಕ್ಕೆದ್ದರೆ ಮೆದುಳು ಅಥವಾ ಬೆನ್ನುಹುರಿಯ ದಾರಿಯಲ್ಲಿ ಪೆಟ್ಟಾಗಿದೆ ಎಂದರ್ಥ. ಪ್ಯಾರಿಸಿನ ವೈದ್ಯ ಬಾಬಿನ್‌ಸ್ಕಿ 1896ರಲ್ಲಿ ಇದನ್ನು ತೋರಿಸಿಕೊಟ್ಟರು. ಎಳೆಕೂಸುಗಳಲ್ಲಿ ಮಾತ್ರ ಅದು ಸಹಜ.

ಹಿರಿಯರ ಮರೆವಿಗೆ ಪರೀಕ್ಷೆಯಿದ್ದರೆ ಅದು ಅವರ ಮನೆಮಾತಿನಲ್ಲೇ ನಡೆಯಲಿ ಎಂದು ಕೇಳಿಕೊಳ್ಳಿ. ನಮ್ಮ ಭಾಗದಲ್ಲಿ ಅದು ಕನ್ನಡವಷ್ಟೇ ಅಲ್ಲ, ಉರ್ದು, ಮರಾಠಿ, ತೆಲುಗು, ಲಂಬಾಣಿ ಯಾವುದೂ ಆಗಿರಬಹುದು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ನೂರರಿಂದ ಏಳೇಳು ಕಳೆಯಲು ಹೇಳಿದರೆ ಇಲ್ಲದ ಮರೆವೂ ಇದ್ದಂತೆ ಕಾಣುತ್ತದೆ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪುತ್ತದೆಯೇ, ಗೊತ್ತಿದ್ದ ಓಣಿಯಲ್ಲಿ ದಾರಿ ತಪ್ಪಿದರೇ ಎಂಬುದನ್ನು ಮನೆಯವರು ಹೇಳಬೇಕು.

ಇಇಜಿ, ಎಂಆರ್‌ಐ ದಿನ

ಇಇಜಿಯಲ್ಲಿ ತಲೆಗೆ ಕರೆಂಟ್ ಕೊಡುವುದಿಲ್ಲ, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುತ್ತಾರಷ್ಟೇ. ಹಿಂದಿನ ದಿನ ತಲೆಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ. ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳದೆ ತಪ್ಪಿಸಬೇಡಿ. ಇಇಜಿ ನಾರ್ಮಲ್ ಬಂದರೂ ಮೂರ್ಛೆರೋಗ ಇಲ್ಲವೆಂದಲ್ಲ.

ಎಂಆರ್‌ಐ ಕೋಣೆಯೊಳಗೆ ಲೋಹ ಹೋಗುವಂತಿಲ್ಲ. ತಾಳಿ, ಕಾಲುಂಗುರ, ತಾಯತ, ಇಷ್ಟಲಿಂಗದ ಬೆಳ್ಳಿ ಕರಡಿಗೆ ಎಲ್ಲ ಹೊರಗೆ. ಸ್ಕ್ಯಾನಿನ ಬಾಗಿಲಲ್ಲಿ ಇದಕ್ಕಾಗಿ ಅಳು, ಜಗಳ ಆಗುವುದುಂಟು. ಹಿರಿಯರನ್ನು ಮನೆಯಲ್ಲೇ ಒಪ್ಪಿಸಿ ಕರೆತನ್ನಿ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ.

ಫಿಟ್ಸ್ ಬಂದವರ ಸ್ಕ್ಯಾನಿನಲ್ಲಿ ನಮ್ಮ ದೇಶದಲ್ಲಿ ಆಗಾಗ ಕಾಣುವುದು ಲಾಡಿಹುಳುವಿನ ಮರಿ ಕೂತ ಚಿಕ್ಕ ಗಂಟು. ‘ನಾವು ಹಂದಿ ಮಾಂಸ ಮುಟ್ಟಲ್ರಿ’ ಎಂದು ಬೇಸರಿಸಿಕೊಳ್ಳಬೇಡಿ. ಹೊಟ್ಟೆಯಲ್ಲಿ ಲಾಡಿಹುಳು ಇರುವವರ ಮಲದಿಂದ ಅದರ ಮೊಟ್ಟೆ ನೀರು, ಹಸಿ ತರಕಾರಿಗೆ ಸೇರಿ ಶಾಕಾಹಾರಿಗಳಿಗೂ ಬರುತ್ತದೆ. ಆದರೆ ಅಂಗಡಿಯಿಂದ ಜಂತುಹುಳದ ಮಾತ್ರೆ ತಂದು ನುಂಗಬೇಡಿ. ಹುಳು ಸಾಯುವಾಗ ಮೆದುಳು ಊದಿಕೊಳ್ಳಬಹುದು, ಅದಕ್ಕೆ ಸ್ಟೆರಾಯ್ಡ್ ರಕ್ಷಣೆ ಬೇಕು.

ಮಾತ್ರೆ, ಗುಳೆ, ಜಾತ್ರೆ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಚಿಕಿತ್ಸೆ ಸಿಕ್ಕರೆ ಮೂರ್ಛೆರೋಗದ ನೂರರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು. ಫಿಟ್ಸ್ ಮರುಕಳಿಸಲು ಒಂದು ಮುಖ್ಯ ಕಾರಣ ಮಾತ್ರೆ ತಪ್ಪುವುದು. ಯಾದಗಿರಿ ಕಡೆಯಿಂದ ಪುಣೆ, ಬೆಂಗಳೂರಿಗೆ ಗುಳೆ ಹೋಗುವವರು ಅಷ್ಟೂ ತಿಂಗಳ ಮಾತ್ರೆಯನ್ನೂ ಚೀಟಿಯ ಫೋಟೊವನ್ನೂ ಒಯ್ಯಲಿ. ರಂಜಾನ್ ಉಪವಾಸವಿದ್ದರೆ ಹೊತ್ತನ್ನು ಹೇಗೆ ಬದಲಿಸಬೇಕೆಂದು ಮೊದಲೇ ಕೇಳಿ. ಜಾತ್ರೆಯಲ್ಲಿ, ಭಜನೆಯಲ್ಲಿ ರಾತ್ರಿಯಿಡೀ ನಿದ್ದೆಗೆಡುವುದು ಮೂರ್ಛೆರೋಗ ಇರುವವರಿಗಲ್ಲ. ಒಬ್ಬರೇ ಬಾವಿಗೆ ಇಳಿಯುವುದು, ಟ್ರ್ಯಾಕ್ಟರ್ ನಡೆಸುವುದೂ ಬೇಡ. ಹರಕೆ ಹೊತ್ತು ಬಂದೇ ನವಾಜ್ ದರ್ಗಾಕ್ಕೋ ಶರಣಬಸವೇಶ್ವರ ಗುಡಿಗೋ ಹೋಗಿಬನ್ನಿ, ಮಾತ್ರೆ ಜೇಬಿನಲ್ಲಿರಲಿ.

ಹೆಣ್ಣುಮಕ್ಕಳ ಫಿಟ್ಸ್ ಮುಚ್ಚಿಟ್ಟು ಮದುವೆ ಮಾಡುವ ಮನೆಗಳಿವೆ. ಗಂಡನ ಮನೆಯಲ್ಲಿ ಕದ್ದು ನುಂಗಬೇಕಾದ ಮಾತ್ರೆ ಒಂದು ದಿನ ತಪ್ಪಿಯೇ ತಪ್ಪುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ‘ಮೂರ್ಛೆರೋಗ’ವನ್ನು 1999ರ ತಿದ್ದುಪಡಿ ತೆಗೆದುಹಾಕಿದೆ. ಬಸಿರಾಗುವ ಮೊದಲೇ ತಜ್ಞರನ್ನು ಕಾಣಬೇಕು. ವಾಲ್‌ಪ್ರೊಯೇಟ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು. ಹಾಗಂತ ತಾವಾಗಿಯೇ ಒಮ್ಮೆಲೇ ನಿಲ್ಲಿಸುವುದು ಅದಕ್ಕಿಂತ ಅಪಾಯ.

ಎರಡು ವರ್ಷ ಫಿಟ್ಸ್ ಬರದಿದ್ದರೆ ಮಾತ್ರೆ ಇಳಿಸುವ ಮಾತನ್ನು ವೈದ್ಯರ ಮುಂದೆ ಎತ್ತಬಹುದು. ಸರಿಯಾಗಿ ಆರಿಸಿದ ಎರಡು ಬಗೆಯ ಮಾತ್ರೆಯನ್ನು ತಪ್ಪದೆ ನುಂಗಿದರೂ ಫಿಟ್ಸ್ ನಿಲ್ಲದಿದ್ದರೆ, ಮೂರನೆಯದು ನಾಲ್ಕನೆಯದು ಎನ್ನುತ್ತ ವರ್ಷ ಕಳೆಯದೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಆಪರೇಷನ್ ಸಾಧ್ಯವೇ ಎಂದು ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ, ಅದನ್ನು ಜಿಲ್ಲೆಯಲ್ಲೇ ಬರೆಸಿಕೊಂಡು ರೈಲು ಹತ್ತಿ.